ಹಳೆಯ ಗಾಡಿಯ ಬೆಲೆ

ಗೃಹಸ್ಥನಾದವನಿಗೆ ಹಣ ಗಳಿಸುವ ಚಿಂತೆಗಿಂತಲೂ ಗಳಿಸಿದುದನ್ನು ಎಲ್ಲಿ ಇಡಬೇಕೆಂಬ ಚಿಂತೆಯೇ ದೊಡ್ಡದು. ನಮ್ಮ ಬೈಲಹೊಂಗಲದ ಕಡೆಯ ಹಿರಿಯರು ಎರೆಭೂಮಿ ಕೊಂಡರು, ಬಂಗಾರ ಮಾಡಿಸಿದರು, ಉಳಿದುದನ್ನು ಟಪಾಲು ಕಚೇರಿಯಲ್ಲಿಟ್ಟರು. ಜೋಡೆತ್ತಿಗೆ ಹಣ ಸುರಿದವರೂ ಇದ್ದರು. ಆದರೆ ಎತ್ತು ಮುಪ್ಪಾದಂತೆ ಅದರ ಬೆಲೆ ಇಳಿಯುವದೆಂಬುದನ್ನು ಅವರು ಬಲ್ಲವರಾಗಿದ್ದರು. ಮುಪ್ಪಾದಷ್ಟೂ ಬೆಲೆ ಏರುವ ವಾಹನವುಂಟೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಈಗಿನ ತರುಣರು ಹೇಳುತ್ತಿರುವದು ಅದನ್ನೇ.

ಈ ವಿಚಾರವು ನಮ್ಮ ಮನೆಗೇ ಬಂದುದರಿಂದ ಬರೆಯುತ್ತಿದ್ದೇನೆ. ದಿವಂಗತರಾದ ನಮ್ಮ ಅಣ್ಣನವರು 1984ರಲ್ಲಿ ಕೊಂಡ ಯೆಜ್ಡಿ ಮೋಟಾರು ಸಾಯಿಕಲ್ಲು ಇನ್ನೂ ನಮ್ಮ ಹಿತ್ತಿಲಲ್ಲಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ರಾಮದುರ್ಗದ ಬೀಗರ ಮನೆಗೆ ಅವರು ಓಡಾಡಿದ್ದು ಅದರ ಮೇಲೆಯೇ. ಈಚೆಗೆ ಒಬ್ಬ ಗಿರಾಕಿಯು ಅಂದಿನ ಬೆಲೆಯ ಹತ್ತು ಪಟ್ಟು ಕೊಡುವೆನೆಂದನು. ಅಣ್ಣನ ಮಗನಿಗೆ ಆಸೆ ಹುಟ್ಟಿತು. "ಕಾಕಾ, ಇದನ್ನು ಮಾರುವದು ಬೇಡ. ಬ್ಯಾಂಕಿನ ಠೇವಣಿ ಮುರಿದು ಇಂಥವೇ ಇನ್ನೂ ನಾಲ್ಕು ಕೊಂಡಿಡೋಣ" ಎಂದನು. ಆ ಠೇವಣಿಯಾದರೋ ನಮ್ಮ ವೈನಿಯವರ ಜೀವನಾಧಾರ.

ಅವನು ಮುಂದಿಟ್ಟ ಉದಾಹರಣೆ ಅಮೇರಿಕೆಯದು. ಅಲ್ಲಿ ಸಾಧಾರಣ ಕಾರಿನ ಮೈಯೊಳಗೆ ಎಂಟು ಸಿಲಿಂಡರುಗಳ ಭಾರಿ ಯಂತ್ರವನ್ನು ಕೂಡಿಸಿ ಮಾರುವ ಪದ್ಧತಿಯು 1964ರ ಪಾಂಟಿಯಾಕ್ ಜಿ.ಟಿ.ಓ. ಕಾರಿನಿಂದ ಹೆಸರಾಯಿತು. ಇವಕ್ಕೆ ಮಸಲ್ ಕಾರು, ಎಂದರೆ ಕಸುವಿನ ಕಾರು ಎಂದು ಹೆಸರು. ವಿಮೆಯ ಭಾರ, ಹೊಗೆಯ ಕಾಯಿದೆ, 1973ರ ತೈಲದ ಮುಗ್ಗಟ್ಟು ಇವುಗಳಿಂದ ಆ ಸಂತತಿ ಕುಗ್ಗಿತು. ಹುಡುಗತನದಲ್ಲಿ ಅವನ್ನು ಕಣ್ತುಂಬ ನೋಡಿ ಕೊಳ್ಳಲಾರದೆ ಹೋದವರು ನಡುವಯಸ್ಸಿನಲ್ಲಿ ಹಣವಂತರಾಗಿ ಕೊಳ್ಳತೊಡಗಿದರು, ಬೆಲೆ ಏರಿತು. 1968ರ 'ಬುಲಿಟ್' ಚಲಚ್ಚಿತ್ರದಲ್ಲಿ ಸ್ಟೀವ್ ಮೆಕ್ವೀನನು ಓಡಿಸಿದ ಫೋರ್ಡ್ ಮಸ್ಟಾಂಗ್ ಕಾರನ್ನು 1974ರಲ್ಲಿ ಒಂದು ಕುಟುಂಬವು ಸುಮಾರು 6,000 ಡಾಲರಿಗೆ ಕೊಂಡಿತ್ತು. 2020ರ ಜನವರಿಯಲ್ಲಿ ಅದು ಲಿಲಾವಿನಲ್ಲಿ 34 ಲಕ್ಷ ಡಾಲರಿಗೆ ಕೂಗಲ್ಪಟ್ಟಿತು.

ಶಾಲೆಯಲ್ಲಿ ಮಕ್ಕಳಿಗೆ ಚಕ್ರಬಡ್ಡಿ ಕಲಿಸಿದವನಾದುದರಿಂದ ಕಾಗದ ತೆಗೆದುಕೊಂಡು ಕುಳಿತೆನು. 46 ವರ್ಷಗಳಲ್ಲಿ ಸುಮಾರು 566 ಪಟ್ಟು. ಎಂದರೆ ಹೆಚ್ಚುಕಡಿಮೆ ಐದೈದು ವರ್ಷಕ್ಕೊಮ್ಮೆ ಹಣ ಇಮ್ಮಡಿಸಿದಂತಾಯಿತು. 1986ರಲ್ಲಿ ನಮ್ಮ ಟಪಾಲು ಕಚೇರಿಗಳಲ್ಲಿ ಮಾರಿದ, ಈಗ ನಿಂತುಹೋಗಿರುವ ಇಂದಿರಾ ವಿಕಾಸ ಪತ್ರವೂ ಐದು ವರ್ಷಕ್ಕೆ ಇಮ್ಮಡಿಯನ್ನೇ ಕೊಡುತ್ತಿತ್ತು! ಅದು ಕೊಂಡವರೆಲ್ಲರಿಗೂ ಇಮ್ಮಡಿಯಾಯಿತು. ಮಸ್ಟಾಂಗಿನ ಭಾಗ್ಯವಾದರೋ ಅಸಂಖ್ಯ ಕಾರುಗಳಲ್ಲಿ ಒಂದಕ್ಕೆ ಬಂದುದು. ಉಳಿದವು ತುಕ್ಕು ಹಿಡಿದು ಗುಜರಿಗೆ ಹೋದವು; ಅವುಗಳ ಕಥೆಯನ್ನು ಯಾರೂ ಹೇಳುವದಿಲ್ಲ. ಅಲ್ಲಿಯೂ ಬೆಲೆ ಏರುತ್ತಲೇ ಇರಲಿಲ್ಲ. 2008ರ ಆರ್ಥಿಕ ಮುಗ್ಗಟ್ಟಿನ ತರುವಾಯ ಬಹಳ ಇಳಿಯಿತು.

ಇನ್ನು ನಮ್ಮ ಯೆಜ್ಡಿಯ ಲೆಕ್ಕ. ನಾಲ್ವತ್ತಕ್ಕೂ ಮೇಲ್ಪಟ್ಟ ವರ್ಷಗಳಲ್ಲಿ ಹತ್ತು ಪಟ್ಟೆಂದರೆ ವರ್ಷಕ್ಕೆ ಶೇಕಡಾ 6 ಕೂಡ ಬೀಳದು. ಟಾಯರು, ಬಣ್ಣ, ಬಿಡಿಭಾಗ, ಮೇಸ್ತ್ರಿಯ ಕೂಲಿ ಇವನ್ನು ಕಳೆದರೆ ಉಳಿಯುವದು ಅತ್ಯಲ್ಪ.

ಆದರೂ ಈ ಗಾಡಿಗೆ ಗಿರಾಕಿಗಳಿರುವದು ಸುಳ್ಳಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು 1961ರಲ್ಲಿ ಕೆಲಸ ಆರಂಭಿಸಿ 1996ರಲ್ಲಿ ಮುಚ್ಚಿತು. ಹಳೆಯದು ಇನ್ನು ಹುಟ್ಟಲಾರದು. ಬೇರೊಂದು ಸಂಸ್ಥೆಯವರು 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳಿಂದ ಹೊಸ ಗಾಡಿಗಳನ್ನು ತಂದಾಗ ಹಳೆಯವರ ನೆನಪೂ ಚಿಗುರಿತು. ಆದರೆ ಬಲ್ಲ ಗಿರಾಕಿಯು ಹೊಳಪಿಗೆ ಮರುಳಾಗುವದಿಲ್ಲ. ಯಂತ್ರದ ಮೇಲಿನ ಅಂಕಿಯೂ ಚೌಕಟ್ಟಿನ ಮೇಲಿನ ಅಂಕಿಯೂ ಕಾಗದಪತ್ರಕ್ಕೆ ಸರಿಹೊಂದುವವೇ ಎಂದು ಮೊದಲು ನೋಡುತ್ತಾನೆ. ಕಾಯಿದೆಯೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಸ್ವಂತ ವಾಹನಕ್ಕೆ ಪ್ರಾಚೀನ ವಾಹನವೆಂಬ ಪಟ್ಟ ದೊರೆಯುವದು. ಆದರೆ ಪಟ್ಟ ಬಂದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸಲಾಗದು, ಬಾಡಿಗೆಗೂ ಹಚ್ಚಲಾಗದು. ಅಣ್ಣನವರ ಯೆಜ್ಡಿ ಅದಕ್ಕೆ ಅರ್ಹವಾಗುವದು 2034ರಲ್ಲಿ.

ಅಷ್ಟರಲ್ಲಿ ಕೊಳ್ಳುವವರು ಯಾರು ಉಳಿದಿರುವರು? ಇದೇ ಮುಖ್ಯ ಪ್ರಶ್ನೆ. ಕಿತ್ತೂರಿನ ಅರಮನೆಯ ಮುರಿದ ಗೋಡೆಗಳಿಗೆ ಬೆಲೆ ಬಂದುದು ಕಲ್ಲಿನಿಂದಲ್ಲ, 1824ರ ನೆನಪಿನಿಂದ. ಆ ನೆನಪನ್ನು ನಾಡೇ ಹೊತ್ತಿರುವದರಿಂದ ಅದಕ್ಕೆ ಅಳಿವಿಲ್ಲ. ಯೆಜ್ಡಿಯ ಸದ್ದು ಕೇಳಿ ಎದೆ ಅರಳಿಸುವವರು ಒಂದೇ ತಲೆಮಾರಿನವರು; ಅವರು ಮರೆಯಾದ ಮೇಲೆ ಆ ಬೆಲೆಯನ್ನು ಹಿಡಿದು ನಿಲ್ಲಿಸುವವರು ಯಾರು? ಅಮೇರಿಕೆಯ ಕಸುವಿನ ಕಾರುಗಳ ಮುಂದೆಯೂ ಇದೇ ಪ್ರಶ್ನೆ ನಿಂತಿದೆ.

ಯೋಗಕ್ಷೇಮವೆಂಬ ಶಬ್ದವನ್ನು ನಾವು ಪತ್ರಗಳಲ್ಲಿ ದಿನವೂ ಬರೆಯುತ್ತಿದ್ದೆವು. ಇಲ್ಲದುದನ್ನು ಪಡೆಯುವದು ಯೋಗ, ಪಡೆದುದನ್ನು ಕಾಯುವದು ಕ್ಷೇಮ. ಹಳೆಯ ವಾಹನದಲ್ಲಿ ಯೋಗ ಸುಲಭ, ಕ್ಷೇಮ ಕಠಿಣ. ನಮ್ಮನ್ನು ಹೊರುವದು ವಾಹನ. ಅದನ್ನು ನಾವೇ ಹೊರಬೇಕಾಗಿ ಬಂದರೆ ಒಂದು ಸಾಕು, ಐದು ಬೇಡ.

ಹುಡುಗನಿಗೆ ಇಷ್ಟೇ ಹೇಳಿದೆನು: "ತಮ್ಮಾ, ಅಪ್ಪನ ಗಾಡಿಯನ್ನು ಇಟ್ಟುಕೋ. ಕಾಗದಪತ್ರ ಸರಿಯಾಗಿರಿಸು, ವಾರಕ್ಕೊಮ್ಮೆ ಓಡಿಸು. ಅದನ್ನು ಆಸ್ತಿಯ ಪಟ್ಟಿಗೆ ಸೇರಿಸಬೇಡ. ಅವ್ವನ ಠೇವಣಿಯನ್ನು ಮುಟ್ಟಬೇಡ." ಅವನು ಇನ್ನೂ ಪೂರ್ತಿ ಒಪ್ಪಿಲ್ಲ. ಠೇವಣಿಯ ಕಾಗದವನ್ನು ಮಾತ್ರ ವೈನಿಯವರು ತಮ್ಮ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ್ದಾರೆ. ವಾಚಕರ ಮನೆಗಳಲ್ಲಿ ಇಂಥ ಮಾತು ಬಂದಾಗ ಒಮ್ಮೆ ಕಾಗದ ತೆಗೆದು ಲೆಕ್ಕ ಮಾಡಲಿ. ನೆನಪಿಗೆ ಎಷ್ಟು, ಹಣಕ್ಕೆ ಎಷ್ಟು ಎಂಬುದು ಆಗ ತಾನಾಗಿಯೇ ತಿಳಿಯುವದು.