ಕರಟ ಮೊದಲು, ತೆಂಗು ಆಮೇಲೆ

ದೀಪಾವಳಿಗೆ ಬಂದ ನೆಂಟರೊಬ್ಬರು ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ನನ್ನ ಮನಸ್ಸು ಕೆಡಿಸಿಬಿಟ್ಟರು. ಪಕ್ಕದ ಮನೆಯ ಹುಡುಗಿ ಹೂ ಕೀಳಲು ಬಂದಿದ್ದಳು. ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ನೆಂಟರಿಗೆ ಮಕ್ಕಳನ್ನು ಕಂಡ ಕೂಡಲೇ ಪರೀಕ್ಷೆ ಮಾಡುವ ಚಪಲ. "ಬಾ ಪುಟ್ಟಿ, ಅ ಆ ಇ ಈ ಹೇಳು ನೋಡಣ" ಅಂದರು. ಅವಳು ಹೂವಿನ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, "ಅದನ್ನ ನಮ್ ಮಿಸ್ಸು ಇನ್ನೂ ಹೇಳ್ಕೊಟ್ಟಿಲ್ಲ ಮಾವ. ರ ಗ ಸ ದ ಅ ಹೇಳ್ಲಾ?" ಎಂದಳು. ನೆಂಟರು ಲೊಚಗುಟ್ಟಿದರು. "ನೋಡಿ, ಅಕ್ಷರಮಾಲೆನೂ ನೆಟ್ಟಗೆ ಕಲಿಸಲ್ಲ ಇಲ್ಲಿ" ಎಂದು ನನ್ನ ಕಡೆ ತಿರುಗಿದರು. ಹುಡುಗಿ ಒಂದು ಕ್ಷಣ ನಿಂತಿದ್ದು ಕಣಗಿಲೆ ಗಿಡದ ಕಡೆ ಹೊರಟುಹೋದಳು. ಹೋಗುತ್ತಾ ರ ಗ ಸ ದ ಅ ಅಂತಲೇ ಹೋದಳು, ಆದರೆ ಸಣ್ಣ ದನಿಯಲ್ಲಿ. ಆ ದನಿ ಸಣ್ಣಗಾದದ್ದು ನನಗೆ ತಡೆಯಲಾಗಲಿಲ್ಲ.

ಇಂಗ್ಲಿಷ್ ಮಾಧ್ಯಮ ಬೇಕೋ ಬೇಡವೋ, ಹಳ್ಳಿ ಶಾಲೆಗೆ ಮಕ್ಕಳು ಯಾಕೆ ಬರುತ್ತಿಲ್ಲ, ಹಳದಿ ಬಣ್ಣದ ವ್ಯಾನುಗಳು ತಿಪಟೂರಿನಿಂದ ನೊಣವಿನಕೆರೆ ದಾಟಿ ಬಂದು ಯಾರ ಮಕ್ಕಳನ್ನು ಹೊತ್ತೊಯ್ಯುತ್ತವೆ, ಈ ಮಾತೆಲ್ಲ ಆಗಲೇ ಸಾಕಷ್ಟು ಆಗಿದೆ. ನನಗೆ ಈಗ ಬೇಕಾದದ್ದು ಆ ಐದು ಅಕ್ಷರ ಮಾತ್ರ.

ಆ ಐದು ಅಕ್ಷರ ಏನು ಸಾಮಾನ್ಯದ್ದೇ? ಒಂದು ಹಾಳೆಯ ಮೇಲೆ ರ, ಗ, ಸ, ದ, ಅ ಬರೆದುಕೊಂಡು ಕೂತು ನೋಡಿ. ಸರ ಬರುತ್ತದೆ, ದರ ಬರುತ್ತದೆ, ರಸ ಬರುತ್ತದೆ. ಅರಸನೂ ಬರುತ್ತಾನೆ, ಅಗಸನೂ ಬರುತ್ತಾನೆ. ಗರಗಸ ಬರುತ್ತದೆ! ಇಳಿ ಬೇಡ, ಗುಡಿಸು ಬೇಡ, ಕೊಂಬು ಬೇಡ, ಒತ್ತು ಬೇಡ. ಆರು ವರ್ಷದ ಮಗು ಐದೇ ಅಕ್ಷರ ಕಲಿತು ನಾಲ್ಕಕ್ಷರದ ಒಂದು ಪದವನ್ನು ತಾನೇ ಓದಿಬಿಡುತ್ತದೆ. ಅದೇ ಅ ಆ ಇ ಈ ಉ ಕಲಿತ ಮಗು ಏನು ಓದೀತು? ಕೊನೆಯ ಅಕ್ಷರದವರೆಗೆ ಬಾಯಿಪಾಠ ಮುಗಿಸುವ ತನಕ ಅದಕ್ಕೆ ಓದುವ ಸುಖ ಎಂದರೇನೆಂದೇ ಗೊತ್ತಾಗುವುದಿಲ್ಲ. ಇನ್ನೈದು ಸೇರಿಸಿ: ಜ, ವ, ಮ, ಬ, ನ. ಜನ, ದನ, ಮರ, ದವಸ, ಬರ. ಹತ್ತೇ ಅಕ್ಷರಕ್ಕೆ ನಮ್ಮ ತುಮಕೂರು ಜಿಲ್ಲೆ ಅರ್ಧ ಬಂದು ನಿಂತಿತು. ಬಸವನೂ ಬಂದ, ನಗರವೂ ಬಂತು, ಅವಸರವೂ ಬಂತು. ಆಕಾರ ನೋಡಿದರೂ ಅಷ್ಟೇ. ವ ಬರೆದ ಕೈಗೆ ಮ ಕಷ್ಟವಲ್ಲ, ಬ ಬರೆದ ಕೈಗೆ ನ ಹೊಸದಲ್ಲ. ಕೈ ಒಂದು ಬಳುಕನ್ನು ಕಲಿತರೆ ನಾಲ್ಕು ಅಕ್ಷರ ಕಲಿತ ಹಾಗೆ. ಇದನ್ನು ಯೋಚಿಸಿ ಜೋಡಿಸಿದವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಇದರ ಹೆಸರು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಲ್ಲಿ ಹಳ್ಳಿ ಮಕ್ಕಳಿಗೆ ಕಾರ್ಡುಗಳ ಮೂಲಕ ಕಲಿಸುವುದನ್ನು ನಮ್ಮ ಮೇಷ್ಟ್ರುಗಳು ಹೋಗಿ ನೋಡಿಬಂದರು, ಯುನಿಸೆಫ್ ನೆರವು ಕೊಟ್ಟಿತು. ಮೇಷ್ಟ್ರುಗಳೇ ಕೂತು ತಮ್ಮ ಮಕ್ಕಳಿಗೆ ಬೇಕಾದ ಕಾರ್ಡು ಬರೆದರು. 2009-10ರ ಹೊತ್ತಿಗೆ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರನೆಯದಕ್ಕೂ. ಪಾಠ ಅನ್ನುವುದೇ ಇಲ್ಲ, ಮೆಟ್ಟಿಲುಗಳಿವೆ. ಗೋಡೆಗೆ ಒಂದು ಏಣಿಯ ಚಿತ್ರ. ಮಗು ತಾನು ಎಲ್ಲಿದ್ದೇನೆ ಎಂದು ತಾನೇ ನೋಡಿ, ಚಿತ್ರದ ಗುರುತು ಹಿಡಿದು ಕಾರ್ಡು ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಗುಂಪು. ಒಂದು ತಟ್ಟೆಯಲ್ಲಿ ಮಿಸ್ಸು ಪೂರ್ತಿ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಜೊತೆಯ ಮಗು ಹೇಳಿಕೊಡುತ್ತದೆ, ಕೊನೆಯದರಲ್ಲಿ ತಾನೇ ಕಲಿಯಬೇಕು. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಕಪ್ಪು ಹಲಗೆ, ಒಬ್ಬೊಬ್ಬರಿಗೂ ಒಂದೊಂದು ಚೌಕ, ಮಕ್ಕಳ ಎದೆಮಟ್ಟಕ್ಕೆ. ತಲೆಯ ಮೇಲೆ ದಾರದ ಚಪ್ಪರ. ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಹೂವು, ಮಡಿಚಿದ ಕಾಗದದ ಹಕ್ಕಿ ಎಲ್ಲ ಅದರಿಂದ ನೇತಾಡುತ್ತಿರುತ್ತವೆ. ಹಸಿ ಗರಿ ಹೆಣೆದು ಚಪ್ಪರ ಹಾಕದೆ ಮದುವೆಯನ್ನೇ ಮಾಡದ ಸೀಮೆ ನಮ್ಮದು. ಶಾಲೆಯೊಳಗೊಂದು ಚಪ್ಪರ ನೋಡಿದಾಗ ನನಗಾದ ಹಿಗ್ಗು ಇಷ್ಟಿಷ್ಟಲ್ಲ.

ಹಾಗಂತ ವರ್ಣಮಾಲೆಯ ಕ್ರಮದ ಮೇಲೆ ನನಗೆ ಗೌರವ ಕಡಿಮೆ ಎಂದುಕೊಳ್ಳಬೇಡಿ. ಕಂಠದಿಂದ ಹೊರಟು ತಾಲು, ಮೂರ್ಧ, ಹಲ್ಲು ದಾಟಿ ತುಟಿಗೆ ಬಂದು ನಿಲ್ಲುವ ಕ, ಚ, ಟ, ತ, ಪ ವರ್ಗಗಳ ನಡಿಗೆಯಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಶಬ್ದ ಹುಟ್ಟುವ ಬಗೆ ಹೇಳುತ್ತಾನಲ್ಲ, ಜೀವ ಇಷ್ಟಪಟ್ಟಾಗ ಗಾಳಿಯ ನೆರವಿನಿಂದ ನಾಭಿಯ ಮೂಲದಲ್ಲಿ ಕಹಳೆಯ ಹಾಗೆ ಅದು ಹುಟ್ಟುತ್ತದೆ ಎಂದು, ಅದನ್ನು ನೆನೆದಾಗೆಲ್ಲ ನಾನು ಬೇರೆ ಕೆಲಸ ಮರೆಯುತ್ತೇನೆ. ಅದರ ಬಣ್ಣ ಬಿಳುಪು ಅನ್ನುತ್ತಾನೆ ಅವನು. ಶಬ್ದಕ್ಕೆ ಬಣ್ಣ! ವ್ಯಾಕರಣ ಬರೆಯಲು ಕೂತವನಿಗೆ ಇದು ಕಂಡದ್ದು ಹೇಗೆ? ಎಷ್ಟು ದಿನ ಕಣ್ಣು ಮುಚ್ಚಿ ಕೂತಿದ್ದನೋ. ಆದರೆ ಕೇಶಿರಾಜ ಬರೆದದ್ದು ಕನ್ನಡ ಓದಲು ಬಲ್ಲವರಿಗೆ. ಒಂದನೇ ಕ್ಲಾಸಿನವಳಿಗೆ ಅಲ್ಲ. ಅವಳು ಮೊದಲು ಗರಗಸ ಓದಲಿ, ನಾಲಿಗೆ ಎಲ್ಲಿ ತಾಗುತ್ತದೆ ಅನ್ನುವುದನ್ನು ಆಮೇಲೆ ನೋಡಿಕೊಳ್ಳಲಿ. ನಿಘಂಟು ತೆಗೆಯುವ ವಯಸ್ಸಿಗೆ ಕ್ರಮವೂ ಬಂದೇ ಬರುತ್ತದೆ. ಕನ್ನಡ ಮಧ್ಯಮ ವ್ಯಾಕರಣ ಬರೆದ ತೀ.ನಂ.ಶ್ರೀ. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಬಿ.ಎಂ.ಶ್ರೀ. ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಈ ಸೀಮೆಯಲ್ಲಿ ಅಕ್ಷರದ ವಿಷಯ ಬಂದಾಗ ಲೊಚಗುಟ್ಟುವುದು ಸಲ್ಲದು.

ಒಂದೇ ಒಂದು ಸಂಗತಿ ನನ್ನನ್ನು ಕಾಡುತ್ತದೆ. ನಮ್ಮ ಮಕ್ಕಳು ಕಣ್ಣು ಬಿಟ್ಟರೆ ತೆಂಗು. ಶಾಲೆಯ ಕಿಟಕಿಯಲ್ಲಿ ತೆಂಗು, ಹಿಂಬದಿಯ ಹೊಲದಲ್ಲಿ ತೆಂಗು. ಆದರೆ ತೆಂಗು ಎಂದು ಓದಬೇಕಾದರೆ ತ ಬೇಕು, ಎತ್ವ ಬೇಕು, ಸೊನ್ನೆ ಬೇಕು, ಕೊಂಬು ಬೇಕು. ಕೊಬ್ಬರಿ ಓದಬೇಕಾದರೆ ಒತ್ವ, ಬ ಒತ್ತು, ಗುಡಿಸು. ಮಟ್ಟೆಗೆ ಒತ್ತೂ ಎತ್ವವೂ. ಎಳನೀರಿಗೆ ದೀರ್ಘ. ಹೊಂಬಾಳೆಯಂತೂ ಕಾಗುಣಿತದ ಅರ್ಧವನ್ನು ಒಂದೇ ಪದದಲ್ಲಿ ಕಟ್ಟಿಕೊಂಡು ಕೂತಿದೆ. ಗರಿ ಸ್ವಲ್ಪ ಉದಾರಿ, ಒಂದು ಗುಡಿಸಿಗೆ ಬಿಟ್ಟುಕೊಡುತ್ತದೆ. ಇಡೀ ಮರದಲ್ಲಿ ಇದ್ಯಾವುದೂ ಇಲ್ಲದೆ ಮಗುವಿಗೆ ಕೈಗೆ ಸಿಗುವುದು ಒಂದೇ, ಕರಟ. ಕ, ರ, ಟ. ಆಟಕ್ಕೆ ಕರಟ, ಮಣ್ಣು ತುಂಬಿ ಇಡ್ಲಿ ಮಾಡಲು ಕರಟ, ಬಚ್ಚಲ ಒಲೆಗೆ ಕರಟ. ಮರದ ಬೇರೆಲ್ಲವನ್ನೂ ದೊಡ್ಡವರು ಮಾರಿಕೊಂಡ ಮೇಲೆ ಮಕ್ಕಳಿಗೆ ಉಳಿಯುವುದೂ ಅದೇ. ಹಾಗಾದರೆ ನಮ್ಮ ತೆಂಗಿನ ಸೀಮೆಯ ಮಕ್ಕಳಿಗೆ ಕರಟದ ಒಂದು ಕಾರ್ಡು ಯಾಕಿರಬಾರದು? ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ತಮ್ಮ ಕಾರ್ಡು ತಾವೇ ಬರೆದರು. ತಿಪಟೂರಿನವರು, ತುರುವೇಕೆರೆಯವರು ಬರೆದರೆ ಬೇಡ ಅನ್ನುವವರು ಯಾರು?

ಅಂಥ ಕೆಲಸದ ಶಕ್ತಿ ನಮ್ಮ ಮೇಷ್ಟ್ರುಗಳಿಗೆ ಇದೆ, ಅದನ್ನು ಕೊರೊನಾ ಕಾಲದಲ್ಲಿ ಕಣ್ಣಾರೆ ಕಂಡಿದ್ದೇನೆ. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ವಿದ್ಯಾಗಮ ಅಂತ ಒಂದು ಬಂತಲ್ಲ, ಮೇಷ್ಟ್ರುಗಳೇ ಊರೊಳಗೆ ಬಂದು ದೇವಸ್ಥಾನದ ಜಗಲಿ, ಮರದ ನೆರಳು ಎಲ್ಲಿ ಸಿಕ್ಕಿತೋ ಅಲ್ಲಿ ಪಾಠ ಮಾಡಿದರು. ಇಷ್ಟೊಂದು ತೆಂಗಿನ ಮರವಿರುವ ಊರಲ್ಲಿ ಮಕ್ಕಳನ್ನು ಕೂರಿಸಲು ಹುಣಸೆ, ಹೊಂಗೆ ಹುಡುಕಬೇಕಾಯಿತು. ತೆಂಗಿನ ಬುಡದಲ್ಲಿ ಮಕ್ಕಳನ್ನು ಯಾರೂ ಕೂರಿಸುವುದಿಲ್ಲ, ಯಾವ ಗಳಿಗೆಯಲ್ಲಿ ಕಾಯಿ ಬೀಳುತ್ತದೋ, ಒಣಗಿದ ಗರಿ ಬೀಳುತ್ತದೋ. ಆಮೇಲೆ 2022-23ರಲ್ಲಿ ಕಲಿಕಾ ಚೇತರಿಕೆ ಬಂತು, ಮರೆತುಹೋದದ್ದನ್ನು ಹಾಳೆ ಹಾಳೆಯಾಗಿ ಮತ್ತೆ ಕಲಿಸಿದರು. ಕೂಡುವುದನ್ನೇ ಮರೆತ ಮೂರನೇ ಕ್ಲಾಸಿನ ಹುಡುಗ ತೋಟದಲ್ಲಿ ಅಪ್ಪನ ಜೊತೆ ಕಾಯಿ ಎಣಿಸುತ್ತಾ ಕೂಡುವುದನ್ನು ಮತ್ತೆ ಹಿಡಿದುಕೊಂಡದ್ದನ್ನೂ ನೋಡಿದ್ದೇನೆ.

ಕಾಯಿ ಎಣಿಸುವುದನ್ನು ನೋಡಿದ್ದೀರಾ? ಕೈಗೆರಡರಂತೆ ಎರಡೂ ಕೈಯಲ್ಲಿ ಎತ್ತಿ ಎಸೆಯುತ್ತಾರೆ, ಬಾಯಲ್ಲಿ ಎಣಿಕೆ ನಡೆದೇ ಇರುತ್ತದೆ, ನೂರು ತುಂಬಿದಾಗ ಲೆಕ್ಕಕ್ಕೆ ಒಂದು ಕಾಯಿ ಪಕ್ಕಕ್ಕಿಡುತ್ತಾರೆ. ಕೊನೆಗೆ ಪಕ್ಕಕ್ಕಿಟ್ಟ ಕಾಯಿ ಎಣಿಸಿದರೆ ಎಷ್ಟು ನೂರು ಎಂದು ಗೊತ್ತು. ಶಾಲೆಯಲ್ಲಿ ಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟಿಸಿ ಬಿಡಿ, ಹತ್ತು, ನೂರು ಕಲಿಸುತ್ತಾರಲ್ಲ, ಅದೇ ಇದು. ಆ ಕಡ್ಡಿಯೂ ನಮ್ಮ ಕಡೆ ತೆಂಗಿನ ಗರಿಯದೇ. ಪೊರಕೆಗೆಂದು ಸವರಿ ಇಟ್ಟದ್ದರಲ್ಲಿ ಮಕ್ಕಳು ಒಂದು ಹಿಡಿ ಕೇಳಿ ಪಡೆದು ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾರೆ. ಭಾಗಾಕಾರಕ್ಕೂ ತೆಂಗೇ ಸಾಕು. ಉಂಡೆ ಕೊಬ್ಬರಿಗೆ 2025ರ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ ಅಂತ ಕೇಂದ್ರ ಸರ್ಕಾರ ಹೇಳಿತು. ಕೆಜಿಗೆ ಎಷ್ಟಾಯಿತು? ನೂರರಿಂದ ಭಾಗಿಸುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಲೆಕ್ಕ ಯಾವ ಪುಸ್ತಕದಲ್ಲಿದೆ? ನಮ್ಮೂರ ನಾಲ್ಕನೇ ಕ್ಲಾಸಿನವರು ಬೆರಳು ಮಡಿಸದೆ ನೂರಿಪ್ಪತ್ತೊಂದು ಅನ್ನುತ್ತಿದ್ದರು, ಮನೆಯಲ್ಲಿ ಅಪ್ಪ ಅಜ್ಜ ಆಗ ಅದನ್ನೇ ಮಾತಾಡುತ್ತಿದ್ದರು.

ಇನ್ನು ಮರ. ತೆಂಗಿನ ಮರ ಹೆಚ್ಚು ಕಡಿಮೆ ತಿಂಗಳಿಗೊಂದು ಗರಿ ಬಿಡುತ್ತದೆ, ಗರಿಯ ಸಂದಿಗೊಂದು ಹೊಂಬಾಳೆ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ಒಂದು ವರ್ಷ. ಹಾಗಾಗಿ ಯಾವಾಗ ತಲೆಯೆತ್ತಿ ನೋಡಿದರೂ ಒಂದೇ ಮರದಲ್ಲಿ ಈಗಷ್ಟೇ ಬಾಯಿಬಿಟ್ಟ ಹೊಂಬಾಳೆ, ಅದರ ಕೆಳಗೆ ಹರಳು, ಅದರ ಕೆಳಗೆ ಎಳನೀರು, ಎಲ್ಲಕ್ಕಿಂತ ಕೆಳಗೆ ಬಲಿತ ಕಾಯಿ. ಒಂದು, ಎರಡು, ಮೂರನೇ ತರಗತಿಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಒಬ್ಬೊಬ್ಬರನ್ನೂ ಅವರವರ ಮೆಟ್ಟಿಲಿನಿಂದಲೇ ಮುಂದಕ್ಕೆ ಕರೆದೊಯ್ಯುವ ನಲಿ-ಕಲಿ ಮಿಸ್ಸನ್ನು ಕಂಡಾಗ ನನಗೆ ಈ ಗೊನೆಗಳು ನೆನಪಾಗುತ್ತವೆ. ಯಾವುದನ್ನೂ ಅವಸರಪಡಿಸಿದರೆ ಆಗದು. ಗರಿ ಉದುರಿದ ಜಾಗದಲ್ಲಿ ಕಾಂಡದ ಮೇಲೆ ಬಳೆಯಂಥ ಗುರುತು ಉಳಿಯುತ್ತದೆ. ಹನ್ನೆರಡು ಬಳೆಗೆ ಒಂದು ವರ್ಷ ಅಂತ ಹಿಡಿದರೆ ಮರದ ವಯಸ್ಸು ಅಂದಾಜಿಗೆ ಸಿಗುತ್ತದೆ. ಹನ್ನೆರಡರ ಮಗ್ಗಿ ಬಾಯಿಗೆ ಬಾರದ ಮಗುವನ್ನು ಮರದ ಹತ್ತಿರ ನಿಲ್ಲಿಸಿ ಕೈಗೆಟುಕುವಷ್ಟು ಬಳೆ ಎಣಿಸಲು ಹೇಳಿ. ಮಗ್ಗಿ ತಾನಾಗಿ ಬರುತ್ತದೆ.

ಕಾಯಿ ಕಿತ್ತ ಮೇಲಿನ ಪಾಠ ಇನ್ನೂ ದೊಡ್ಡದು, ಅದು ಅಟ್ಟದಲ್ಲಿ ನಡೆಯುತ್ತದೆ. ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟ ಲೊಟ ಅನ್ನುತ್ತದೆ. ನೀರಿನ ಸದ್ದು ಬೇರೆ, ಕೊಬ್ಬರಿಯ ಸದ್ದು ಬೇರೆ. ಹೂ ಕೀಳಲು ಬರುವ ಈ ಹುಡುಗಿಯ ಅಜ್ಜಿಗೆ ಅಲ್ಲಾಡಿಸುವುದೂ ಬೇಕಿಲ್ಲ, ಕೈಯಲ್ಲಿ ಎತ್ತಿದರೆ ಸಾಕು, "ಇದಿನ್ನೂ ಹಸಿ, ಅತ್ಲಾಗಿಡು" ಅನ್ನುತ್ತಾರೆ. ಆಮೇಲೆ ಮಟ್ಟೆ ಸುಲಿದು, ಉಂಡೆಗೆ ಏಟು ಬೀಳದಂತೆ ಚಿಪ್ಪನ್ನು ಕತ್ತಿಯ ತುದಿಯಿಂದ ಎಬ್ಬಿಸುವ ಹೆಂಗಸರ ಕೈಚಳಕವಿದೆಯಲ್ಲ, ಅದನ್ನು ಕೂತು ನೋಡಲು ನನಗೆ ಒಂದು ಇಡೀ ಮಧ್ಯಾಹ್ನ ಸಾಲದು.

ಈಗ ಅಟ್ಟ ಇರುವ ಮನೆಗಳು ಕಡಿಮೆಯಾದವು. ತಾರಸಿ ಮನೆಗೆ ಅಟ್ಟವೆಲ್ಲಿ? ತೋಟದಲ್ಲೇ ಕೊಬ್ಬರಿ ಶೆಡ್ಡು ಕಟ್ಟಿಸುತ್ತಾರೆ. ಕೆಲಸಕ್ಕೆ ಆಳು ಸಿಗದವರು ಎಳನೀರಿಗೇ ಕೊಯ್ಯಿಸಿ ಕೈತೊಳೆದುಕೊಳ್ಳುತ್ತಾರೆ. ಶೆಡ್ಡಿನ ಕೊಬ್ಬರಿಗೂ ಹಂಚಿನ ಮನೆಯ ಅಟ್ಟದ ಕೊಬ್ಬರಿಗೂ ರುಚಿಯಲ್ಲಿ ಏನೂ ವ್ಯತ್ಯಾಸವಿಲ್ಲ ಎಂದು ವ್ಯಾಪಾರದವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೌದೆ ಒಲೆಯ ಹೊಗೆ ವರ್ಷವೆಲ್ಲ ಸಣ್ಣಗೆ ತಾಗಿದ ಕೊಬ್ಬರಿಯನ್ನು ಬೆಲ್ಲದ ಜೊತೆ ತಿಂದವರು ಇನ್ನೊಂದನ್ನು ಕೊಬ್ಬರಿ ಅನ್ನಲಾರರು. ಒಗ್ಗರಣೆಗೆ ಯಾವುದಾದರೂ ಆದೀತು. ಹಾಗೇ ಬಾಯಿಗೆ ಹಾಕಿಕೊಳ್ಳಲು ಅಟ್ಟದ್ದೇ ಆಗಬೇಕು, ಅದೂ ಅಡಿಗೆಮನೆಯ ಮೇಲಿನ ಅಟ್ಟದ್ದು.