ನೋವನ್ನು ಮರೆತ ಪಾದಗಳು

ನೋವು ಬೇಡವೆಂದು ಬೇಡಿಕೊಳ್ಳದವರು ಲೋಕದಲ್ಲಿ ವಿರಳರು. ದೇವರ ಮುಂದೆ ಕೈಮುಗಿದು ನಿಂತವನು ಧನವನ್ನು ಬೇಡದಿದ್ದರೂ ಆರೋಗ್ಯವನ್ನು ಬೇಡದಿರನು; ಆರೋಗ್ಯವೆಂದರೆ ನೋವಿಲ್ಲದ ಸ್ಥಿತಿಯೆಂದೇ ನಮ್ಮಲ್ಲಿ ಬಹುಮಂದಿಯ ಭಾವನೆ. ಆದರೆ ನೋವಿಲ್ಲದಿರುವಿಕೆಯೇ ಒಂದು ವ್ಯಾಧಿಯ ಲಕ್ಷಣವಾಗಬಹುದೆಂಬುದನ್ನು ನಾವು ಅಷ್ಟಾಗಿ ಆಲೋಚಿಸಿರುವುದಿಲ್ಲ. ಮಧುಮೇಹವುಳ್ಳವರ ಪಾದಗಳಲ್ಲಿ ಈ ವೈಪರೀತ್ಯವು ದಿನದಿನವೂ ನಡೆಯುತ್ತಿರುವುದು. ಆ ವಿಷಯವಾಗಿ ಗೃಹಸ್ಥರಾದ ವಾಚಕರಲ್ಲಿ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳಬೇಕೆಂದು ನನ್ನ ಅಪೇಕ್ಷೆ. ನಾನು ವೈದ್ಯನಲ್ಲ, ಮೂವತ್ತು ವರ್ಷಗಳಿಗೆ ಮಿಕ್ಕು ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ಉಪಾಧ್ಯಾಯನು. ಆದರೆ ಹದಿನಾಲ್ಕು ವರ್ಷಗಳಿಂದ ಈ ರೋಗದೊಡನೆ ಸಂಸಾರ ಮಾಡುತ್ತಿರುವವನಾದುದರಿಂದ, ಇದರ ಗುಣಾವಗುಣಗಳನ್ನು ಕೆಲಮಟ್ಟಿಗೆ ಬಲ್ಲೆನು.

ಶಿವಮೊಗ್ಗೆಯ ವಿನೋಬನಗರದಲ್ಲಿ ನಮ್ಮ ವಾಸ. ಬೆಳಗಿನ ಹೊತ್ತು ತಿರುಗಾಡಲು ಬರುವ ನಿವೃತ್ತರ ಗೋಷ್ಠಿಯೊಂದು ಇಲ್ಲಿ ಉಂಟು. ಹಿಂದೆ ಇಂಥ ಗೋಷ್ಠಿಗಳಲ್ಲಿ ಅಡಕೆಯ ಧಾರಣೆ, ಮಳೆಯ ನಕ್ಷತ್ರ, ಮಕ್ಕಳ ವಿವಾಹ ಇವೇ ಮಾತಿನ ವಸ್ತುಗಳು. ಈಗಲೂ ಅವು ಇಲ್ಲದಿಲ್ಲ. ಆದರೆ ಅವಕ್ಕೆ ಮೊದಲು, ಬರಿಯ ಹೊಟ್ಟೆಯಲ್ಲಿ ಸಕ್ಕರೆ ಎಷ್ಟು, ಊಟದ ತರುವಾಯ ಎಷ್ಟು ಎಂಬುದೇ ಕುಶಲಪ್ರಶ್ನೆಯಾಗಿ ಪರಿಣಮಿಸಿದೆ. ಇದು ನಮ್ಮ ಬಡಾವಣೆಯ ವಿಶೇಷವೇನೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶಾದ್ಯಂತ ನಡೆದ ಒಂದು ಮಹಾ ಸಮೀಕ್ಷೆಯ ಫಲವು ೨೦೨೩ ರಲ್ಲಿ ಪ್ರಕಟವಾಯಿತು. ಒಂದು ಲಕ್ಷ ಹದಿಮೂರು ಸಾವಿರ ಮಂದಿಯನ್ನು ಪರೀಕ್ಷಿಸಿ ಹಾಕಿದ ಆ ಲೆಕ್ಕದಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು ೧೦ ಕೋಟಿ; ಅದರ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ ೧೩ ಕೋಟಿಗೆ ಮಿಕ್ಕವರು.

ಗೋಷ್ಠಿಯಲ್ಲಿ ಸಕ್ಕರೆಯ ಅಂಕೆಯನ್ನು ಎಲ್ಲರೂ ಹೇಳುವರು. ಕಾಲಿನ ಮಾತನ್ನು ಮಾತ್ರ ಯಾರೂ ಎತ್ತರು. ಆದರೆ ಆ ಮಾತು ಎಷ್ಟು ಮಂದಿಗೆ ಸಂಬಂಧಿಸಿದ್ದೆಂಬುದನ್ನು ತಿಳಿದರೆ ಆಶ್ಚರ್ಯವಾಗದಿರದು. ಬೆಲ್ಜಿಯಂ ದೇಶದ ಪಿರಾರ್ ಎಂಬ ವೈದ್ಯರು ೧೯೪೭ ರಿಂದ ೧೯೭೩ ರ ವರೆಗೆ ೪,೪೦೦ ಮಂದಿ ಮಧುಮೇಹಿಗಳನ್ನು ತಾಳ್ಮೆಯಿಂದ ನೋಡುತ್ತ ಬಂದರು. ರೋಗವು ಗೊತ್ತಾದ ಕಾಲದಲ್ಲಿಯೇ ನೂರರಲ್ಲಿ ಏಳೆಂಟು ಮಂದಿಗೆ ನರಗಳು ಕೆಟ್ಟಿದ್ದುವು. ಇಪ್ಪತ್ತೈದು ವರ್ಷಗಳು ಕಳೆಯುವ ಹೊತ್ತಿಗೆ ಆ ಸಂಖ್ಯೆಯು ನೂರಕ್ಕೆ ಐವತ್ತಾಯಿತು. ಪರೀಕ್ಷಿಸುವ ಕ್ರಮಕ್ಕೆ ತಕ್ಕಂತೆ ಅಂಕೆಗಳು ಹೆಚ್ಚುಕಡಿಮೆಯಾಗುವುದುಂಟಾದರೂ, ಅರ್ಧಾಂಶವೆಂಬ ಈ ಲೆಕ್ಕವನ್ನು ಇಂದಿನ ವೈದ್ಯರೂ ಸ್ಥೂಲವಾಗಿ ಒಪ್ಪುವರು. ಎಂದರೆ, ಹತ್ತು ಮಂದಿ ಮಧುಮೇಹಿಗಳು ಒಂದು ಕಲ್ಲುಬೆಂಚಿನ ಸುತ್ತ ಕೂಡಿದರೆ, ಅವರಲ್ಲಿ ಐವರ ನರಗಳು ಈಗಲೋ ಮುಂದೆಯೋ ಕೆಡತಕ್ಕವು. ಇದಕ್ಕಿಂತಲೂ ಗಮನಿಸಬೇಕಾದ ಸಂಗತಿಯೊಂದುಂಟು. ಹೀಗೆ ನರಗಳು ಕೆಟ್ಟವರಲ್ಲಿ ಅರ್ಧದಷ್ಟು ಮಂದಿಗೆ ಉರಿಯಾಗಲಿ, ನೋವಾಗಲಿ, ಜುಮುಜುಮು ಎನ್ನುವುದಾಗಲಿ ಯಾವುದೂ ಇರದಿರಬಹುದು. ಅವರು ತಮಗೇನೂ ಆಗಿಲ್ಲವೆಂದೇ ತಿಳಿದಿರುವರು.

ಈ ವಿಷಯವು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳನ್ನು ಎಣಿಸುವಾಗ, ಬಾಯಿ ಸಿಹಿಯಾಗುವುದು, ಬಾಯಾರಿಕೆ, ಆಲಸ್ಯ, ಮೂತ್ರಕ್ಕೆ ಇರುವೆ ಮುತ್ತುವುದು ಮುಂತಾದವುಗಳೊಡನೆ, ಕೈಕಾಲುಗಳ ಸುಪ್ತತೆ ಮತ್ತು ದಾಹ ಎಂಬೆರಡನ್ನೂ ಹೇಳಿದೆ. ಸುಪ್ತತೆಯೆಂದರೆ ಅಂಗವು ನಿದ್ರೆಹೋದಂತಾಗುವುದು, ದಾಹವೆಂದರೆ ಉರಿ. ಇರುವೆಯ ಲಕ್ಷಣವನ್ನು ನಮ್ಮ ಅಜ್ಜಿಯಂದಿರೂ ಬಲ್ಲರು. ಆದರೆ ಅದೇ ಪಟ್ಟಿಯಲ್ಲಿದ್ದ ಈ ಸುಪ್ತತೆಯು ಜನದ ನೆನಪಿನಿಂದ ಜಾರಿತು. ಉರಿಯು ಕೂಗಿಕೊಳ್ಳುವುದು, ಸುಪ್ತತೆಯು ಸುಮ್ಮನಿರುವುದು. ಕೂಗಿಕೊಂಡವರ ಮಾತನ್ನೇ ಲೋಕವು ಕೇಳುವುದಷ್ಟೆ.

ಇದು ಪಾದಗಳಲ್ಲಿಯೇ ಮೊದಲಾಗುವುದೇಕೆ? ಪಾದದ ಸ್ಪರ್ಶವನ್ನು ಹೊತ್ತು ತರುವ ನರದ ಎಳೆಯ ಮೂಲಕಣವು ಸೊಂಟದ ಬಳಿ ಬೆನ್ನುಹುರಿಯ ಪಕ್ಕದಲ್ಲಿರುವುದು. ಅಲ್ಲಿಂದ ಹೆಬ್ಬೆರಳ ತುದಿಯ ವರೆಗೆ ಸುಮಾರು ಒಂದು ಮೀಟರು ದೂರ. ಕೂದಲಿಗಿಂತಲೂ ಸೂಕ್ಷ್ಮವಾದ ಆ ಎಳೆಗೆ ಬೇಕಾದ ಸಾಮಗ್ರಿಯೆಲ್ಲ ಮೂಲಕಣದಿಂದಲೇ ಸಾಗಿಬರಬೇಕು. ಭದ್ರಾ ಅಣೆಕಟ್ಟಿನ ನಾಲೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ನೀರು ಕಡಿಮೆಯಾದ ವರ್ಷ ಲಕ್ಕವಳ್ಳಿಯ ಸಮೀಪದ ಗದ್ದೆಗಳು ಹಸುರಾಗಿಯೇ ಇರುವುವು. ಬಾಡುವುದು ನಾಲೆಯ ಕೊನೆಯಲ್ಲಿರುವ ರೈತನ ಪೈರು. ಹಾಗೆಯೇ ಸಕ್ಕರೆಯು ಏರಿದ ರಕ್ತವು ನರದ ಎಳೆಗಳನ್ನೂ ಅವುಗಳಿಗೆ ಆಹಾರ ಕೊಡುವ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತ ಹೋದಾಗ, ಅತಿ ದೂರದ ತುದಿಯೇ ಮೊದಲು ಬಾಡುವುದು. ಬೆರಳುಗಳಿಂದ ಅಂಗಾಲಿಗೆ, ಅಂಗಾಲಿನಿಂದ ಮೀನಖಂಡಕ್ಕೆ, ಕಾಲುಚೀಲ ಹಾಕಿಕೊಂಡಂತೆ, ಸುಪ್ತತೆಯು ಮೇಲೇರುವುದು.

ನಮ್ಮ ಗೋಷ್ಠಿಯ ಮಿತ್ರರೊಬ್ಬರು ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಕುಲುಮೆಯ ಬಿಸಿಗೆ ಮೈಯೊಡ್ಡಿ ದುಡಿದವರಾದುದರಿಂದ ಸಣ್ಣ ನೋವುಗಳನ್ನು ಗಣಿಸುವವರಲ್ಲ. ಒಂದು ಚೈತ್ರಮಾಸದ ಮಧ್ಯಾಹ್ನ ದೇವಾಲಯದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಿ ಬಂದರು. ಜೊತೆಯವರು ಹೆಜ್ಜೆಯಿಡಲಾರದೆ ನೆರಳಿಗೆ ಓಡಿದರೂ ಇವರು ಎಣಿಕೆ ತಪ್ಪದೆ ಮುಗಿಸಿದರಂತೆ. ಎಲ್ಲರೂ ಅದನ್ನು ಭಕ್ತಿಯೆಂದು ಕೊಂಡಾಡಿದರು. ಸಂಜೆ ಮನೆಯ ಕೆಂಪುಗಾರೆಯ ನೆಲದಲ್ಲಿ ಒದ್ದೆಯಾದ ಹೆಜ್ಜೆಗುರುತುಗಳನ್ನು ನೋಡಿದವರು ಅವರ ಹೆಂಡತಿ. ಅಂಗಾಲಿನ ಬೊಬ್ಬೆಯು ಒಡೆದು ನೀರು ಸುರಿಯುತ್ತಿದ್ದಿತು. ನೋವಿಲ್ಲವಾದುದರಿಂದ ಒಂದು ವಾರ ಹಾಗೆಯೇ ಕಳೆಯಿತು. ಆ ಹುಣ್ಣು ಮಾಯುವುದಕ್ಕೆ ನಾಲ್ಕು ತಿಂಗಳು ಹಿಡಿದುದಲ್ಲದೆ ಹೆಬ್ಬೆರಳನ್ನೂ ಒಯ್ದಿತು. ಈಗ ಅವರು ಕೋಲೂರಿಕೊಂಡು ಗೋಷ್ಠಿಗೆ ಬರುವರು. "ನೋವೆಂಬುದೊಂದು ಇದ್ದಿದ್ದರೆ ಮೇಷ್ಟ್ರೆ, ಅಂದೇ ವೈದ್ಯರ ಬಳಿಗೆ ಹೋಗುತ್ತಿದ್ದೆ" ಎಂದು ಅವರು ಆಡಿದ ಮಾತನ್ನು ನಾನು ಮರೆಯಲಾರೆನು.

ಈ ಮಾತಿನ ತತ್ತ್ವವನ್ನು ಜಗತ್ತಿಗೆ ಸ್ಪಷ್ಟಪಡಿಸಿದುದು ನಮ್ಮ ನೆರೆಯ ವೆಲ್ಲೂರಿನಲ್ಲಿ. ೧೯೪೬ ರಲ್ಲಿ ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲುಗಳನ್ನು ವಿಚಾರಿಸಿ ನೋಡಿದರು. ಆ ರೋಗದಲ್ಲಿ ಮಾಂಸವು ತಾನಾಗಿ ಕೊಳೆತು ಬೀಳುವುದೆಂಬುದೇ ಅಂದಿನ ಜನದ ನಂಬಿಕೆ. ನರಗಳು ಸ್ಪರ್ಶವನ್ನು ಕಳೆದುಕೊಂಡುದರಿಂದ, ಮುಳ್ಳು, ಬೆಂಕಿ, ಕಚ್ಚುವ ಪಾದರಕ್ಷೆ ಇವುಗಳಿಂದಾದ ಗಾಯಗಳು ಅರಿವಿಗೆ ಬಾರದೆ ಬೆರಳುಗಳು ನಾಶವಾಗುವುವೆಂದು ಅವರು ಕಂಡುಕೊಂಡರು. ಮೆತ್ತನೆಯ ರಬ್ಬರಿನ ಪಾದರಕ್ಷೆಗಳನ್ನು ಮಾಡಿಸಿ ಅನೇಕರ ಕಾಲುಗಳನ್ನು ಉಳಿಸಿದರು. ಮುಂದೆ ಅಮೆರಿಕಕ್ಕೆ ಹೋದಮೇಲೆ ಇದೇ ನ್ಯಾಯವನ್ನು ಮಧುಮೇಹಿಗಳ ಪಾದಗಳಿಗೂ ಅನ್ವಯಿಸಿದರು. ಮಧುಮೇಹಿಗಳಲ್ಲಿ ಕಾಲು ಕತ್ತರಿಸಬೇಕಾಗಿ ಬಂದ ಪ್ರಸಂಗಗಳನ್ನು ನೋಡಿದರೆ, ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಒಂದು ಹುಣ್ಣಿನಿಂದಲೇ ಆರಂಭವಾದವು. ಹುಣ್ಣನ್ನು ತಡೆದರೆ ಕಾಲನ್ನು ಉಳಿಸಿದಂತೆ.

ಮಿತ್ರರ ಪ್ರಸಂಗವಾದ ಮೇಲೆ ನಾನೂ ವೈದ್ಯರ ಮುಂದೆ ಕಾಲು ಚಾಚಿದೆನು. ಕಣ್ಣು ಮುಚ್ಚಿಕೊಳ್ಳಲು ಹೇಳಿ, ನೈಲಾನಿನ ಒಂದು ಎಳೆಯನ್ನು ಅದು ಬಾಗುವಷ್ಟು ಮಾತ್ರ ಅಂಗಾಲಿಗೆ ಒತ್ತುತ್ತ, ತಾಗಿದಾಗ ಹೇಳಬೇಕೆಂದರು. ಬಲಗಾಲಿನಲ್ಲಿ ಎಲ್ಲ ಕಡೆಯೂ ಹೇಳಿದೆನು. ಎಡಗಾಲಿನ ಪರೀಕ್ಷೆಯು ಇನ್ನೂ ಮೊದಲಾಗಲಿಲ್ಲವೆಂದು ಕಾದಿರುವಾಗ, ಅವರು ಮುಗಿಯಿತೆಂದರು. ಆ ಒಂದು ಮಾತಿನಿಂದ ನನಗಾದ ತಿಳಿವಳಿಕೆಯು ಯಾವ ಗ್ರಂಥದಿಂದಲೂ ಆಗಿರಲಿಲ್ಲ.

ಇದಕ್ಕಿಂತ ಸುಲಭವಾದ ಪರೀಕ್ಷೆಯೊಂದನ್ನು ಮನೆಯಲ್ಲಿಯೇ ಮಾಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ಇದನ್ನು ರೂಪಿಸಿ ೨೦೧೧ ರಲ್ಲಿ ಪ್ರಕಟಿಸಿದರು. ರೋಗಿಯು ಕಣ್ಣು ಮುಚ್ಚಿರಬೇಕು. ಮನೆಯವರೊಬ್ಬರು ಎರಡು ಪಾದಗಳಲ್ಲಿಯೂ ಹೆಬ್ಬೆರಳು, ನಡುಬೆರಳು, ಕಿರುಬೆರಳು ಇವುಗಳ ತುದಿಯನ್ನು ತಮ್ಮ ತೋರುಬೆರಳಿನಿಂದ ಹಗುರವಾಗಿ ಒಂದೆರಡು ಕ್ಷಣ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಕಚಗುಳಿಯಿಡಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶಗಳು ತಿಳಿಯದೆ ಹೋದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಹಬ್ಬದ ದಿನ ಹಿರಿಯರ ಪಾದಗಳನ್ನು ಮುಟ್ಟುವ ಪದ್ಧತಿಯು ನಮ್ಮಲ್ಲಿ ಇದ್ದೇ ಇದೆ. ಈಗ ನನ್ನ ಮೊಮ್ಮಗಳು ತಿಂಗಳಿಗೊಮ್ಮೆ ನಮಸ್ಕರಿಸುವಾಗ ಬೆರಳುಗಳನ್ನೂ ಎಣಿಸಿ ಮುಟ್ಟುವಳು. ಪ್ರತಿ ರಾತ್ರಿ ನನ್ನ ಹೆಂಡತಿ ದೀಪದ ಬೆಳಕಿನಲ್ಲಿ ಅಂಗಾಲುಗಳನ್ನು ನೋಡುವಳು. ಮೊದಮೊದಲು ನನಗೆ ಇದು ಸಂಕೋಚದ ವಿಷಯವಾಗಿದ್ದಿತು. ಕಾಲೇ ತನ್ನ ಸುದ್ದಿಯನ್ನು ಹೇಳಲಾರದಾದಾಗ, ಅದರ ಪರವಾಗಿ ಮನೆಯವರ ಕಣ್ಣು ಹೇಳಬೇಕಾದುದು ನ್ಯಾಯವೇ ಆಗಿದೆ.

ಮಲೆನಾಡಿನವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಎರಡು ಸಂಗತಿಗಳುಂಟು. ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕಾಲು ಕಾಯಿಸಿಕೊಳ್ಳುವುದೂ, ಹಂಡೆಯ ಬಿಸಿನೀರನ್ನು ಕಾಲಿನಿಂದ ಪರೀಕ್ಷಿಸುವುದೂ ನಮಗೆ ಅಭ್ಯಾಸ. ಅರಿವುಗೆಟ್ಟ ಕಾಲಿಗೆ ಬೆಂಕಿಯೂ ಬಿಸಿನೀರೂ ಶತ್ರುಗಳೇ. ನೀರಿನ ಬಿಸಿಯನ್ನು ಮನೆಯ ಇನ್ನೊಬ್ಬರ ಕೈಯಿಂದ ನೋಡಿಸತಕ್ಕದ್ದು. ಅಡಕೆ ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವುದು ಎರಡನೆಯದು. ಇನ್ನು ದೇವಾಲಯದ ಮಾತು. ಪಾದರಕ್ಷೆಯನ್ನು ಹೊರಗೆ ಬಿಡಬೇಕಾದುದು ಸರಿಯೇ. ಆದರೆ ಬಿಸಿಲೇರುವ ಮೊದಲು ಹೋಗುವುದಕ್ಕೂ, ದಪ್ಪನೆಯ ಹತ್ತಿಯ ಕಾಲುಚೀಲ ಧರಿಸುವುದಕ್ಕೂ ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ. ನಾನು ಹಾಗೆಯೇ ಮಾಡುತ್ತಿರುವೆನು.

ಸತ್ತ ನರವನ್ನು ಮರಳಿ ಬದುಕಿಸುವ ಔಷಧವು ಇನ್ನೂ ಬಂದಿಲ್ಲ. ಉರಿಯನ್ನು ಶಮನಗೊಳಿಸುವ ಔಷಧಗಳುಂಟು. ಆದರೆ ಕೆಡುವುದನ್ನು ನಿಧಾನಗೊಳಿಸಬಹುದು. ಎಳೆಯ ವಯಸ್ಸಿನಲ್ಲಿ ಬರುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ನರಗಳ ಕೇಡು ನೂರಕ್ಕೆ ಅರುವತ್ತರಷ್ಟು ಕಡಿಮೆಯಾಗುವುದೆಂದು ಅಮೆರಿಕದಲ್ಲಿ ನಡೆದ ದೀರ್ಘ ಪ್ರಯೋಗವೊಂದು ೧೯೯೩ ರಲ್ಲಿ ತೋರಿಸಿತು. ನಮ್ಮಂಥ ವಯಸ್ಸಾದವರ ಬಗೆಯಲ್ಲಿ ಲಾಭವು ಅಷ್ಟಿಲ್ಲವಾದರೂ ಇಲ್ಲದಿಲ್ಲ. ಮತ್ತೊಂದು ಮಾತು: ಮೆಟ್‌ಫಾರ್ಮಿನ್ ಎಂಬ ಮಾತ್ರೆಯನ್ನು ಬಹುಕಾಲ ಸೇವಿಸುವವರಿಗೆ, ಅದರಲ್ಲಿಯೂ ಸಸ್ಯಾಹಾರಿಗಳಿಗೆ, ಬಿ ೧೨ ಎಂಬ ಜೀವಸತ್ತ್ವವು ಕಡಿಮೆಯಾಗಿ ಇದೇ ಬಗೆಯ ಜೋಮು ಬರುವುದುಂಟು. ರಕ್ತವನ್ನು ಪರೀಕ್ಷಿಸಿದರೆ ಅದು ತಿಳಿಯುವುದು. ಅದಕ್ಕೆ ಚಿಕಿತ್ಸೆಯೂ ಸುಲಭ. ಮಾತ್ರೆಯನ್ನು ಮಾತ್ರ ತಾವಾಗಿ ಬಿಡತಕ್ಕದ್ದಲ್ಲ.

ಮಧುಮೇಹಿಗಳಿರುವ ಪ್ರತಿಯೊಂದು ಮನೆಯಲ್ಲಿಯೂ ಸಕ್ಕರೆಯನ್ನು ಅಳೆಯುವಷ್ಟೇ ಆಸಕ್ತಿಯಿಂದ ಪಾದಗಳನ್ನು ನೋಡುವ ವಾಡಿಕೆಯು ಬರಬೇಕು. ವರ್ಷಕ್ಕೊಮ್ಮೆ ವೈದ್ಯರು, ತಿಂಗಳಿಗೊಮ್ಮೆ ಮಕ್ಕಳು, ದಿನಕ್ಕೊಮ್ಮೆ ತಾವು ಅಥವಾ ಬಾಳಸಂಗಾತಿಗಳು ನೋಡಿದರೆ ಸಾಕು. ಇದಕ್ಕೆ ಹಣ ಬೇಡ, ಉಪಕರಣ ಬೇಡ. ಐದು ನಿಮಿಷದ ಬಿಡುವೂ ಸ್ವಲ್ಪ ಅಕ್ಕರೆಯೂ ಬೇಕು. ವಾಚಕರು ಇಂದಿನ ರಾತ್ರಿಯಿಂದಲೇ ಇದನ್ನು ಆರಂಭಿಸುವರೆಂದು ನಂಬಿರುವೆನು.