ಹುಣಿಸೆಯ ಮರವೂ ಬಾಟ್ಲಿಯ ಮಳೆಯೂ

ಹೈದರಾಬಾದಿನ ಕಾಚಿಗುಡದ ನಮ್ಮ ಮನೆಯ ಜಗಲಿಯಲ್ಲಿ ರಟ್ಟು, ಕತ್ತರಿ, ಗೋಂದು, ಖಾಲಿ ಬಾಟ್ಲಿಗಳನ್ನು ಹರವಿಕೊಂಡು, ನಾಲ್ಕನೆಯ ತರಗತಿಯ ಮಕ್ಕಳಿಗೆಂದು ವಿಜ್ಞಾನದ ಪಾಠವೊಂದನ್ನು ಹೊಸೆಯಲು ಕುಳಿತೆನೆಂದರೆ, ಊಟಕ್ಕೆ ಕರೆಯುವ ಧ್ವನಿಯು ಮೂರನೆಯ ಬಾರಿಗೆ ಗಡುಸಾಗುವವರೆಗೂ ನನಗೆ ಲೋಕದ ಪರಿವೆಯಿರುವುದಿಲ್ಲ. ಮನೆಯವರು ಇದನ್ನು ಚಟವೆನ್ನುತ್ತಾರೆ; ನಾನು ವ್ಯಾಸಂಗವೆನ್ನುತ್ತೇನೆ.

ಗಂಟೆ ಬಾರಿಸಿದೊಡನೆ ಭೂಗೋಳವು ಮುಗಿದು ಗಣಿತವು ಆರಂಭವಾಗಬೇಕೆಂಬ ಏರ್ಪಾಡು ಶಾಲೆಗೆ ಅನಿವಾರ್ಯವಾಗಿರಬಹುದು; ಮೂಸಿ ನದಿಗೆ ಅದು ತಿಳಿಯದು. 1908ರ ಸೆಪ್ಟೆಂಬರ್ 28ರಂದು ಆ ನದಿಯು ಉಕ್ಕಿ ಸಹಸ್ರಾರು ಜನರನ್ನು ಕೊಚ್ಚಿಕೊಂಡು ಹೋದಾಗ, ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನೇರಿ ಸುಮಾರು 150 ಮಂದಿ ಬದುಕಿಕೊಂಡರೆಂದು ಊರಿನ ಪ್ರತೀತಿ. ನನ್ನ ಪಾಠವೆಲ್ಲ ಆ ಒಂದು ಮರದ ಸುತ್ತಲೇ ಸುತ್ತುತ್ತದೆ. ಗೋಡೆ ಕುಸಿದಲ್ಲಿ ಮರವೇಕೆ ನಿಂತಿತೆಂದು ಕೇಳಿದರೆ ಬೇರಿನ ಮಾತು ಬರುತ್ತದೆ. ಅಷ್ಟು ಜನರ ಭಾರವೆಷ್ಟೆಂದರೆ ಗುಣಾಕಾರ. ಅಷ್ಟೊಂದು ನೀರೆಲ್ಲಿಂದ ಬಂತೆಂದರೆ ಅನಂತಗಿರಿಯ ಬೆಟ್ಟಗಳು. ಮುಂದೇನಾಯಿತೆಂದರೆ, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1909ರಲ್ಲಿ ಇಲ್ಲಿಗೆ ಬಂದುದೂ, ಅವರ ಸಲಹೆಯಂತೆ, ನೆರೆಯನ್ನು ತಡೆಯಲು, 1920ರಲ್ಲಿ ಉಸ್ಮಾನ್ ಸಾಗರವೆಂಬ ಜಲಾಶಯವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುದೂ. ಹುಣಿಸೆಯ ಎಲೆಗಳು ಸಂಜೆಗೆ ಮಡಿಚಿಕೊಳ್ಳುವುದನ್ನು ಮಾತ್ರ ನಾನು ಎಲ್ಲಿಯೂ ಬರೆದಿಲ್ಲ. ಮೊದಲ ಕರಡಿನಲ್ಲಿತ್ತು, ಮಕ್ಕಳೇ ಕಾಣಲೆಂದು ಹೊಡೆದುಹಾಕಿದೆ. ಹಾಗೆ ಹೊಡೆದುಹಾಕುವಾಗಿನ ಸುಖವು ಚಿಗುರು ಹುಣಿಸೆಯನ್ನು ಬಾಯಿಗೆ ಹಾಕಿಕೊಂಡಂತೆ: ಹುಳಿಯೆಂದು ಕಣ್ಣು ಕಿವುಚಿದರೂ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ.

ಅದೇ ಪಾಠಕ್ಕೆಂದು ಮಾಡಹೊರಟ ಮಳೆಮಾಪಕದ ಕಥೆಯೇ ಬೇರೆ. ಬಾಟ್ಲಿಯ ಕೊರಳನ್ನು ಕತ್ತರಿಸಿ, ಅದನ್ನೇ ಆಲಿಕೆಯಾಗಿ ಬೋರಲಿಟ್ಟು, ಹೊರಮೈಗೆ ಅಳತೆಯ ಕಾಗದವನ್ನಂಟಿಸಿ, ನನ್ನ ಕೌಶಲಕ್ಕೆ ನಾನೇ ಮೆಚ್ಚಿ ತಲೆದೂಗುತ್ತಿರಲು, ಪಕ್ಕದ ಮನೆಯ ಹುಡುಗಿ, ಕಲಬುರಗಿಯ ಕಡೆಯವರ ಮಗಳು, ಅದನ್ನು ತಿರುವಿ ನೋಡಿ, “ಸರ್, ತಳ ಉಬ್ಬ್ಯಾದಲ್ರಿ, ಅಲ್ಲಿ ನಿಂತ ನೀರು ಯಾರ ಲೆಕ್ಕಕ್ಕ?” ಎಂದಳು. ನಾನು ನಿರುತ್ತರನಾದೆ. ಬಾಟ್ಲಿಯ ಮೈ ನೆಟ್ಟಗಾಗುವ ಮಟ್ಟಕ್ಕೆ ಕಲ್ಲಹರಳುಗಳನ್ನೂ ನೀರನ್ನೂ ತುಂಬಿ, ಅಲ್ಲಿಂದಲೇ ಸೊನ್ನೆಯನ್ನು ಆರಂಭಿಸುವ ಉಪಾಯವು ಹೊಳೆಯುವ ವೇಳೆಗೆ ದೀಪ ಹಚ್ಚುವ ಹೊತ್ತಾಗಿತ್ತು.

ಆಷಾಢದ ಒಂದು ರಾತ್ರಿ 20 ಮಿಲಿಮೀಟರ್ ಮಳೆಯಾಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನಮ್ಮ ಮಾಳಿಗೆ 40 ಚದರ ಮೀಟರ್. 800 ಲೀಟರ್, ಎಂದರೆ ಹತ್ತು ಲೀಟರಿನ ಎಂಬತ್ತು ಬಿಂದಿಗೆ! ಹುಡುಗಿ ಲೆಕ್ಕವನ್ನು ಎರಡು ಸಲ ಮಾಡಿ ನೋಡಿ, ಒಣಗುತ್ತಿದ್ದ ಮಾಳಿಗೆಯನ್ನು ಸಂಶಯದಿಂದ ದಿಟ್ಟಿಸಿ, “ಮತ್ತ ಅಷ್ಟೂ ಬಿಂದಿಗಿ ಎಲ್ಲಿ ಹೋದವ್ರಿ?” ಎಂದಳು. ನನ್ನ ಪಾಠದ ಹಾಳೆಯಲ್ಲಿ ಆ ಪ್ರಶ್ನೆಯಿರಲಿಲ್ಲ. ಅವಳು ಆಗಲೇ ಚಪ್ಪಲಿ ಮೆಟ್ಟಿ ಮೋರಿಯ ಗುಂಟ ಮೂಸಿಯ ಕಡೆಗೆ ಹೊರಟಿದ್ದಳು. ನಾನು ಕೊಡೆಯನ್ನು ಹುಡುಕಿಕೊಂಡು ಹಿಂದೆ ಓಡಿದೆ.